ಉಸಿರಾಡಿದ ಹೆಣ

ನ್ಯಾಮತಿ
೧೮-೨-೧೯೮೧

ಚಿರಂಜೀವಿ ಪ್ರೇಮಾಳಿಗೆ ನಿನ್ನ ಅವ್ವನ ತುಂಬು ಆಶೀರ್ವಾದ.

ನಾನು ಗಟ್ಟಿಯಾಗಿದ್ದೇನೆ. ಸೊಕ್ಕೆಯಂಥ ಊರಿನ ಬಿಸಿಲಲ್ಲಿ ಪಾಠ ಹೇಳಲು ಶಾಲೆಗೆ ನಡೆದು ಹೋಗುವವಳು ನೀನು, ಮೈ ಕಡೆ ಗಮನವಿರಲಿ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಏನು ಬರೆಯಬೇಕೆಂದೇ ತೋಚಿರಲಿಲ್ಲ. ಈಗ ತೋಚಿದೆ.

ಹೊನ್ನಾಳಿಯ ಬೀಗರು ಬಂದಿದ್ದರು. ನಿನಗೆ ಮಾವನಾಗುವ ಜುಂಜಪ್ಪನವರು ಕಾಫಿ ಕುಡಿದು ಲೋಟ ಕೆಳಗಿಟ್ಟು, "ನಿಮ್ಮ ಯಜಮಾನ್ರು ಇದ್ರೆ ಕರೆಸ್ರಿ. ಇಲ್ಲಾಂದ್ರೆ ಬಳೆ ತೆಗೆದು ಹಿಂದೆ ಕುಂದ್ರಿ. ಧಾರೆ ಎರಿಯಾಕೆ ನಿಮ್ಮಣ್ಣ ಹನುಮಣ್ಣ ಅದಾನೆ. ಎರಡೂ ಅಲ್ಲ ಅಂದ್ರೆ ಹೆಂಗೆ?" ಎಂದರು. ನೀನು ತೊಟ್ಟಿಲಲ್ಲಿದ್ದಾಗ ಸಿನಿಮಾ ಸೇರುತ್ತೇನೆಂದು ಮದ್ರಾಸಿಗೆ ಹೋದವರು ಇದ್ದಾರೋ ಇಲ್ಲವೋ, ನಾನು ಯಾರನ್ನು ಕೇಳಲಿ? ಲೋಟ ಎತ್ತಿಕೊಂಡು ಒಳಗೆ ಹೋದೆ.

ಆ ವಾರವೇ ನಮ್ಮೂರ ಟೆಂಟಿಗೆ ಹಳೆಯ ಕಪ್ಪು-ಬಿಳುಪು ಪತ್ತೇದಾರಿ ಚಿತ್ರ ಬಂತು. ಪಕ್ಕದ ಮನೆಯ ಚೌಡಮ್ಮ ಬಿಡಬೇಕಲ್ಲ. "ಕೊಲೆ ಯಾರು ಮಾಡಿದ್ರು ನೋಡಾನ ಬಾರೆ. ಮನ್ಯಾಗೆ ಕುಂತು ಕುಂತು ನೀನೇ ಹೆಣ ಆಗ್ತೀಯ" ಎಂದು ಎಳೆದುಕೊಂಡು ಹೋದಳು. ಶುರುವಿನಲ್ಲೇ ಬಂಗಲೆಯ ಕಾವಲುಗಾರನ ಕೊಲೆ. ಹೆಣ ಅತ್ತ ಮುಖ ಮಾಡಿ ಮಲಗಿದೆ, ಪತ್ತೇದಾರ ಸಿಗರೇಟು ಸೇದುತ್ತ ಸುತ್ತ ತಿರುಗುತ್ತಿದ್ದಾನೆ, ಹೆಣದ ಪಕ್ಕೆ ಏರಿ ಇಳಿಯುತ್ತಿದೆ. ನೆಲದಲ್ಲಿ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. "ಸಾಯಾಕೂ ಬರಲ್ಲ ಇವನಿಗೆ" ಎಂದಳು ಚೌಡಮ್ಮ.

ನಾನು ನಗಲಿಲ್ಲ. ಅದು ನಿಮ್ಮಪ್ಪ.

ಮಾರನೆಯ ದಿನ ಒಬ್ಬಳೇ ಹೋಗಿ ಮತ್ತೆ ನೋಡಿ ಖಾತ್ರಿ ಮಾಡಿಕೊಂಡೆ. ಕೊಲೆಗಾರ ಯಾರೆಂದು ನನಗೆ ಈಗಲೂ ಗೊತ್ತಿಲ್ಲ. ಹೆಣವನ್ನು ಹೊತ್ತುಕೊಂಡು ಹೋದ ಮೇಲೆ ಎರಡು ಸಲವೂ ಎದ್ದು ಬಂದೆ.

ಹನುಮಣ್ಣನಿಗೆ ಹೇಳಿದರೆ, "ಮದ್ರಾಸಿಗೆ ಹೋಗಿ ಹುಡುಕಾನ, ಮದುವಿ ಮುಂದಕ್ಕೆ ಹಾಕಾನ" ಎಂದ. "ಅದು ಪ್ರೇಮಾ ಕೂಸಿದ್ದಾಗಿನ ಚಿತ್ರ, ಅಣ್ಣ. ಅಲ್ಲಿ ಉಸಿರಾಡಿದ್ದು ಇವತ್ತಿನ ಲೆಕ್ಕಕ್ಕೆ ಬರಲ್ಲ. ನಾನಿನ್ನು ಕಾಯಾಕಿಲ್ಲ" ಎಂದೆ. ಹಾಗೆಂದಾಗ ನನಗೇ ಮೈ ಹಗುರವಾಯಿತು.

ನಿನ್ನೆ ಬಸ್ಸು ಹತ್ತಿ ಹೊನ್ನಾಳಿಗೆ ಹೋಗಿ ಜುಂಜಪ್ಪನವರ ಮುಂದೆ ನಿಂತು ಹೇಳಿದೆ: "ಅವರು ಇದಾರೋ ಇಲ್ಲೋ, ನಂಗೊತ್ತಿಲ್ಲ. ಹೆತ್ತು ಸಾಕಿ ಓದಿಸಿದಾಕಿ ನಾನು. ಬಳೆ ತೊಟ್ಕೊಂಡು ನಾನೇ ಧಾರೆ ಎರಿತೀನಿ. ಒಪ್ಪಿದ್ರೆ ದಿನ ಗೊತ್ತು ಮಾಡ್ರಿ, ಇಲ್ಲಾಂದ್ರೆ ನನ್ನ ಮಗಳಿಗೆ ಬ್ಯಾರೆ ಮನಿ ನೋಡ್ತೀನಿ." ಅವರು ಮೀಸೆ ತೀಡುತ್ತ, "ವಿಚಾರ ಮಾಡಾನ" ಎಂದರು. ನಿನಗೆ ಅತ್ತೆಯಾಗುವವರು ಮಾತ್ರ ಬಾಗಿಲ ತನಕ ಬಂದು, "ನೀವು ಬಳೆ ಇಡಿಸ್ಕೊಳ್ರಿ, ಇವರಿಗೆ ನಾನು ಹೇಳ್ತೀನಿ" ಎಂದು ಮೆಲ್ಲಗೆ ಅಂದರು. ಆ ಮನೆಯಲ್ಲಿ ನೀನು ಬಾಳುತ್ತೀಯ ಎಂಬ ಧೈರ್ಯ ನನಗೆ ಬಂದದ್ದು ಆಗ.

ಹುಡುಗನ ಮನಸ್ಸೇನೆಂದು ನೀನೇ ಕಾಗದ ಬರೆದು ಕೇಳು. ನಾಚಿಕೆ ಬೇಡ. ಒಪ್ಪದಿದ್ದರೆ ಅಳುತ್ತ ಕೂರಬೇಡ, ನಾನಿದ್ದೇನೆ. ನೂರು ಕಾಲ ತಣ್ಣಗೆ ಬಾಳು.

ನಿನ್ನ ಅವ್ವ,
ಸಾವಂತ್ರಮ್ಮ

ತಾ.ಕ.: ಮುಖ ಕಾಣದೆ ಹೇಗೆ ಗುರುತು ಹಿಡಿದೆ ಎಂದು ಹನುಮಣ್ಣ ಕೇಳಿದ. ಅಣ್ಣನಿಗೆ ಹೇಳುವ ಮಾತಲ್ಲ. ನಿಮ್ಮಪ್ಪ ಮಲಗುವಾಗ ಬಲಗೈಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದರು, ಚಳಿಯಾದ ಕೂಸಿನ ಹಾಗೆ. ಹೆಣವೂ ಹಾಗೇ ಮಲಗಿತ್ತು. ಅವರ ಮುಖ ನನಗೆ ಮರೆತೇ ಹೋಗಿದೆ ಪ್ರೇಮಾ. ಆದರೂ ಇವತ್ತಿನವರೆಗೂ ಚಾಪೆಯಲ್ಲಿ ಗೋಡೆಯ ಪಕ್ಕದ ಜಾಗ ಬಿಟ್ಟೇ ಮಲಗುತ್ತೇನೆ.