ಜರೀಗಿಡಕ್ಕೆ ಎರಡೆರಡು ಸಲ ನೀರು

ರೀ,

ಎಲ್ಲ ಗಿಡ ಚಿಗುರೋ ಹೊತ್ತಲ್ಲಿ ಹಿತ್ತಿಲ ನೆರಳಿನ ಜರೀಗಿಡ ಮಾತ್ರ ಯಾಕೆ ಕೊಳೀತಿದೆ ಅಂತ ಇವತ್ತು ಗೊತ್ತಾಯ್ತು. ಬೆಳಗ್ಗೆ ಬೇಕರಿಗೆ ಹೋಗೋ ಮುಂಚೆ ನೀವು ಕುಂಡಕ್ಕೆ ನೀರು ಹಾಕ್ತೀರಂತೆ, ಪಕ್ಕದ ಮನೆಯವರು ಹೇಳಿದ್ರು. ನಾನು ಆಸ್ಪತ್ರೆಯ ರಾತ್ರಿ ಡ್ಯೂಟಿ ಮುಗಿಸಿ ಬಂದು ಮತ್ತೆ ಹಾಕ್ತಿದ್ದೆ, ನೀವು ಮರ್ತಿರ್ತೀರ ಅಂತ. ಮಣ್ಣು ಮುಟ್ಟಿ ನೋಡೋಣ ಅಂತ ಒಂದಿನಾನೂ ಹೊಳೀಲಿಲ್ಲ. ನನ್ನ ಗಂಡ ಏನ್ಮಾಡ್ತಾರೆ ಅಂತ ಪಕ್ಕದವರು ಹೇಳ್ಬೇಕು ನಂಗೆ!

ಕೊಳೆತ ಗರಿ ಕತ್ತರಿಸಿದ್ದೀನಿ. ನಡುವೆ ಎರಡು ಚಿಗುರು ಸುರುಳಿ ಸುತ್ಕೊಂಡು ಕೂತಿವೆ, ಮುಟ್ಟೋಕೆ ಹೋಗ್ಬೇಡಿ. ಒಂದು ವಾರ ನೀರು ಬೇಡ. ಪಕ್ಕದ ಕುಂಡದ ಬಿಗೋನಿಯಾ ಹೂಗಿಡಕ್ಕೆ ಒಂದು ಲೋಟ ಸಾಕು.

ಆಮೇಲಿಂದ ನೀವೊಬ್ಬರೇ ಹಾಕಿ. ನಾನು ಬಂದ ತಕ್ಷಣ ಮಣ್ಣು ಮುಟ್ಟಿ ನೋಡ್ತೀನಿ. ಒದ್ದೆಯಿದ್ರೆ, ನೀವು ಈಗತಾನೇ ಇಲ್ಲಿದ್ರಿ ಅಂದ್ಕೋತೀನಿ.