ರೇಡಿಯೊದಲ್ಲಿ ಹೇಳಿದ ಬೇರು

ಕೆಗೆಯ್ಲಿ
18 ನವೆಂಬರ್ 1986

ನನ್ನ ಮುದ್ದು ಆಯ್ಸುಲು,

ತಾಷ್ಕೆಂಟಿನ ಚಳಿಯಲ್ಲಿ ಹೇಗಿದ್ದೀಯೆ? ನಿನ್ನ ಕಾಗದಗಳಿಗೆ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಹತ್ತಿ ಬಿಡಿಸಿ ಬೆರಳೆಲ್ಲ ಸೀಳಿತ್ತು ಎಂದು ನೆಪ ಹೇಳಬಹುದು. ನಿಜವೆಂದರೆ, ಬರೆಯಲು ಧೈರ್ಯ ಬರಲಿಲ್ಲ.

ಬೇಸಿಗೆಯಲ್ಲಿ ನೀನು ನಿನ್ನ ಪ್ರಯೋಗಶಾಲೆಯ ಕೆಲಸದ ಬಗ್ಗೆ ರೇಡಿಯೊದಲ್ಲಿ ಮಾತಾಡಿದೆಯಲ್ಲ, ಆ ದಿನ ನಿಮ್ಮಪ್ಪನ ಕಾಲು ನೆಲದ ಮೇಲಿರಲಿಲ್ಲ. ರೇಡಿಯೊವನ್ನು ಅಂಗಳಕ್ಕೆ ತಂದಿಟ್ಟು ಕೇರಿಯವರನ್ನೆಲ್ಲ ಕೂಗಿ ಕರೆದರು. ನಮ್ಮ ನದಿದಂಡೆಯ ಜ್ಯೇಷ್ಠಮಧುವಿನಲ್ಲಿ ಆಂಟಿಆಕ್ಸಿಡೆಂಟ್ ಇದೆ, ಕಬ್ಬಿಣ ತುಕ್ಕು ಹಿಡಿಯುವಂತೆ ದೇಹ ಸವೆಯುವುದನ್ನು ಅದು ತಡೆಯುತ್ತದೆ, ಉಪ್ಪುನೆಲದಲ್ಲಿ ಕಷ್ಟಪಟ್ಟು ಬೆಳೆದ ಬೇರಿನಲ್ಲಿ ಅದು ಇನ್ನೂ ಹೆಚ್ಚು ಎಂದು ನೀನು ಹೇಳಿದೆ.

"ಕೇಳಿದ್ರಾ? ಈ ಬೇರು ಅಗೆದೂ ಅಗೆದೂ ನನ್ನ ಬೆನ್ನು ಬಗ್ಗಿಹೋಯ್ತು. ಅದರೊಳಗೆ ಏನಿದೆ ಅಂತ ಹೇಳೋಕೆ ನನ್ನ ಮಗಳೇ ಹುಟ್ಟಿ ಬರಬೇಕಾಯ್ತು!" ಅಂದರು.

ನಾವು ಚಹಾಕ್ಕೆ ಒಂದು ಚೂರು ಬೇರು ಹಾಕುವವರು, ಬಾವಿನೀರಿನ ಉಪ್ಪು ನಾಲಿಗೆಗೆ ತಿಳಿಯದಿರಲಿ ಎಂದು. ನಿಮ್ಮಪ್ಪ ಹಿಡಿಗಟ್ಟಲೆ ಬೇರನ್ನು ಕಡಾಯಿಗೆ ಸುರಿದು, ನೀರು ಕಪ್ಪಗಾಗುವವರೆಗೆ ಕುದಿಸಿ, ಬಟ್ಟಲುಗಟ್ಟಲೆ ಕುಡಿಯತೊಡಗಿದರು. ರಕ್ತದೊತ್ತಡದ ಮಾತ್ರೆಗಳನ್ನು ಅಂಗಳಕ್ಕೆ ಎಸೆದರು. "ಕೋಳಿ ತಿಂದು ಸತ್ತಾವು" ಅಂದೆ. "ನಿಂಗೆ ಗಂಡನಿಗಿಂತ ಕೋಳಿ ಚಿಂತೆ" ಅಂದರು. ನಗು ಬಂತು, ಮಾತ್ರೆಗಳನ್ನು ಹೆಕ್ಕಿ ಎತ್ತಿಟ್ಟೆ.

ಚಳಿಗಾಲ ಹತ್ತಿರವಾಗುವ ಹೊತ್ತಿಗೆ ಪಾದ ಊದಿತು. ಆಸ್ಪತ್ರೆಯ ಜಮೀರಾ ಡಾಕ್ಟರಮ್ಮ ಬಂದು ನೋಡಿ ಹಣೆ ಚಚ್ಚಿಕೊಂಡರು.

"ಅಜ್ಜಾ, ನಿಮಗೆ ಈ ಬೇರಿನ ಸಿಹೀನೇ ವಿಷ. ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತೆ, ಪೊಟ್ಯಾಸಿಯಂ ಹೊರಗೆ ಹಾಕುತ್ತೆ, ಒತ್ತಡ ಏರಿಸುತ್ತೆ. ಇವತ್ತೇ ಬಿಟ್ಟುಬಿಡಿ."

"ನನ್ನ ಮಗಳು ಗಾಜಿನ ನಳಿಗೇಲಿ ಹಾಕಿ ನೋಡಿದಾಳೆ ಕಣಮ್ಮ. ನೀನು ನೋಡಿದೀಯಾ?"

ನಾನು ಮನೆಯಲ್ಲಿದ್ದ ಬೇರನ್ನೆಲ್ಲ ಅಡಗಿಸಿಟ್ಟೆ. ಹಟಮಾರಿ, ಹಾರೆ ಹಿಡಿದು ದಂಡೆಗೆ ಹೊರಟೇಬಿಟ್ಟರು. ಅಗೆದ ಗುಂಡಿಯಲ್ಲಿ ನೆಲದ ಪಾಲೆಂದು ಒಂದು ತುಂಡು ಬೇರು ಹೂತು ಬರುವುದು ನಮ್ಮ ಪದ್ಧತಿಯಲ್ಲವೇ. ಅದನ್ನು ಮುಚ್ಚಲು ಬಗ್ಗಿದವರು ಮೇಲೇಳಲಿಲ್ಲ. ಕುರಿ ಕಾಯುವವರು ಕಂಬಳಿಯಲ್ಲಿ ಹೊತ್ತು ತಂದರು.

ಲಕ್ವ ಹೊಡೆದು ಬಲಗೈ, ಬಲಗಾಲು ಹೋಗಿವೆ. ಮಾತೂ ನಿಂತಿದೆ. ಕಿವಿ ಚುರುಕಾಗಿದೆ, ಬುದ್ಧಿಯೂ ನೆಟ್ಟಗಿದೆ, ಅದೇ ಸಂಕಟ. ತಂತಿ ಕೊಡೋಣವೆಂದು ನಿನ್ನಣ್ಣ ಹೊರಟಿದ್ದ, ನಿನ್ನ ಪರೀಕ್ಷೆ ಮುಗಿಯಲೆಂದು ನಾನೇ ತಡೆದೆ. ಈಗ ಗಂಜಿ ಕುಡಿಸುತ್ತೇನೆ, ಅರ್ಧ ಗಲ್ಲದ ಮೇಲೆ ಹರಿಯುತ್ತದೆ. ಆ ಗಟ್ಟಿ ಗಂಟಲನ್ನು ಒಮ್ಮೆ ಕೇಳಲು ಜೀವ ಹಾತೊರೆಯುತ್ತದೆ ಆಯ್ಸುಲು.

ಬೆಚ್ಚಗೆ ಉಡು, ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಾಹ ನಿನ್ನ ತಲೆ ಕಾಯಲಿ, ನಿನ್ನ ಒಲೆ ಎಂದೂ ಆರದಿರಲಿ.

ನಿನ್ನ ಅಮ್ಮ,
ಜುಮಗುಲ್

ಮರೆತಿದ್ದೆ: ಈ ಬೇರಿನ ಕೆಡುಕು ಓದಿದವರಿಗೆಲ್ಲ ಹಳೆಯ ಸಂಗತಿ ಎಂದು ಡಾಕ್ಟರಮ್ಮ ಹಾಸಿಗೆಯ ಪಕ್ಕದಲ್ಲೇ ಅಂದುಬಿಟ್ಟರು. ಅಂದಿನಿಂದ ನಿನ್ನ ಹೆಸರೆತ್ತಿದರೆ ನಿಮ್ಮಪ್ಪ ಮುಖವನ್ನು ಗೋಡೆಗೆ ತಿರುಗಿಸುತ್ತಾರೆ. ರೇಡಿಯೊದಲ್ಲಿ ಬರೀ ಒಳ್ಳೆಯದನ್ನು ಹೇಳಿದ ದಿನ ನಿನಗದು ಗೊತ್ತಿತ್ತೇ? ನಿನ್ನ ಉತ್ತರವನ್ನು ನಾನು ಅವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಗೊತ್ತಿರಲಿಲ್ಲವೆಂದು ಬರೆ. ಗೊತ್ತಿದ್ದರೂ ಹಾಗೇ ಬರೆ, ಮಗಳೇ.