ಸ್ವಂತ ಉಪಯೋಗಕ್ಕೆ

ಪ್ರೀತಿಯ ರಚನಾ,

ಇದನ್ನು ನಿನ್ನ ಜರ್ಮನ್ ತರಗತಿಯ ಗೆಳತಿಯ ಕೈಗೆ ಕೊಡುತ್ತಿದ್ದೇನೆ. ಓದಿ ಹರಿದುಬಿಡು. ನಿನ್ನ ಗಂಡ ಮಾಧವನ ಕಣ್ಣಿಗೆ ಬೀಳಬಾರದು.

ನಿನ್ನೆ ನನ್ನ ಮನೆಯಲ್ಲಿ ನಡೆದದ್ದು ನೆನೆದರೆ ಸುಸ್ತಾಗುತ್ತದೆ ಕಣೇ. ಪಾರ್ಸೆಲ್ ಖರ್ಚು ಉಳಿಯಲಿ ಎಂದು ವೋಲ್ಫ್ಸ್‌ಬುರ್ಗಿನ ಕನ್ನಡದವರೆಲ್ಲ ನನ್ನೊಬ್ಬಳ ಹೆಸರಲ್ಲೇ ಆನ್‌ಲೈನ್ ಆರ್ಡರ್ ಮಾಡುತ್ತಿದ್ದೆವಲ್ಲ, ಗಡಿಯಾಚೆಯ ಆ ಅಂಗಡಿ ಇಲ್ಲಿನ ಮಾರಾಟ ತೆರಿಗೆ ಕಟ್ಟದೆ ಸಿಕ್ಕಿಬಿತ್ತು. ತಾನು ಬಚಾವಾಗಲು ಗಿರಾಕಿಗಳ ಹೆಸರು, ಕೊಂಡ ಸಾಮಾನು, ಪುಸ್ತಕಗಳ ಶೀರ್ಷಿಕೆ ಎಲ್ಲವನ್ನೂ ಫಿನಾನ್ಸ್‌ಆಮ್ಟಿಗೆ ಸುರಿಯಿತು. ಅಷ್ಟೊಂದು ಸಾಮಾನು ಒಬ್ಬಳಿಗೇ! ತೆರಿಗೆ ಕಚೇರಿಯ ಕಣ್ಣಿಗೆ ನಾನು ಕಳ್ಳ ವ್ಯಾಪಾರಿಯಾದೆ. ಯಾವುದು ಯಾರ ಕೈ ಸೇರಿತು, ಬರೆದು ಕಳಿಸಿ ಎಂದರು.

ತೆರಿಗೆ ಕೇಳಲಿ, ಕೊಡೋಣ. ಹೆಂಗಸೊಬ್ಬಳು ಏನು ಓದುತ್ತಾಳೆ ಎಂಬುದು ಯಾವ ಸರ್ಕಾರದ ಪಾಲು? ಇದನ್ನೇ ಹಿಂದೆ ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ನಿನ್ನೆ ಅಷ್ಟು ಕಸುವಿರಲಿಲ್ಲ. ಕಚೇರಿಯ ಜರ್ಮನ್ ಬಲ್ಲವನೆಂದು ಎಲ್ಲರೂ ಉತ್ತರ ಬರೆಯಲು ಕೂರಿಸಿದ್ದು ಮಾಧವನನ್ನೇ. ತಡೆಯುವುದು ಹೇಗೆ? ಅವನು ನಿನ್ನ ಮೇಲೆ ಕೈ ಎತ್ತಿದ ಮಾರನೆಯ ದಿನ ನೀನು ತರಿಸಿದ ಪುಸ್ತಕವೂ ಆ ಪಟ್ಟಿಯಲ್ಲಿತ್ತು.

“ರೈಸ್ ಕುಕ್ಕರ್ ನಮ್ದು ಗುರು!” ಎಂದ ಲಕ್ಷ್ಮೀಶ. ಒಂದೊಂದಕ್ಕೂ ಒಬ್ಬೊಬ್ಬರು ಕೈ ಎತ್ತಿದರು. ಮಾಧವನ ಪೆನ್ನು ನಿಂತಿತು.

“ಡಿವೋರ್ಸ್ ಕಾನೂನು ಅಂತೆ! ಯಾರ್ದು ಮಗಾ ಇದು? ಯಾವನ್ ಹೆಂಡ್ತಿ ಗಂಟು ಕಟ್ತಿದಾಳೆ?”

ಕೋಣೆಯೆಲ್ಲ ನಕ್ಕಿತು. ನೀನು ಕಾಫಿ ಲೋಟ ಹಿಡಿದು ಕಿಟಕಿಯತ್ತ ತಿರುಗಿದ್ದು ನನಗೊಬ್ಬಳಿಗೇ ಕಂಡಿತೇನೋ.

“ನಂದು ಕಣೋ,” ಎಂದೆ.

“ಪ್ರೇಮಕ್ಕಾ, ನಿಮಗೆ ಮದುವೇನೇ ಆಗಿಲ್ವಲ್ಲ!” ಎಂದ ಮಾಧವ.

“ಯಾಕೆ ಆಗ್ಲಿಲ್ಲ ಅಂದ್ಕೊಂಡೆ? ಮೊದಲೇ ಕಾನೂನು ಓದ್ಕೊಂಡಿದ್ದಕ್ಕೆ. ಬರಿ, ಸ್ವಂತ ಉಪಯೋಗಕ್ಕೆ ಅಂತ.”

ನಗುನಗುತ್ತಾ ಬರೆದ. ನಿನ್ನ ಗುಟ್ಟನ್ನು ಅವನ ಕೈಯಿಂದಲೇ ಮುಚ್ಚಿಸಿದೆ. ಗೆದ್ದೆ ಎನ್ನಿಸಲಿಲ್ಲ. ಒಂದು ಪುಸ್ತಕ ಓದಲು ನೀನು ಇನ್ನೊಬ್ಬಳ ಹೆಸರಿನ ಹಿಂದೆ ಅವಿತುಕೊಳ್ಳಬೇಕಾಯಿತಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.

ಅವನ ಕೆಲಸದ ಬ್ಲೂ ಕಾರ್ಡಿಗೆ ನಿನ್ನ ವೀಸಾ ಕಟ್ಟಿದ್ದಾರೆ, ಗೊತ್ತು. ಅದನ್ನು ಬಿಚ್ಚುವ ದಾರಿ ಕೇಳಲು ವಕೀಲೆಯೊಬ್ಬಳನ್ನು ಗೊತ್ತುಮಾಡಿದ್ದೇನೆ. ನನ್ನ ಮಾತಿಗೆ ಕಟ್ಟುಬಿದ್ದು ಹೊರಡಬೇಡ, ಹೆದರಿ ಉಳಿಯಲೂಬೇಡ. ಬರುತ್ತೇನೆ ಎಂದರೆ ಜೊತೆಗೆ ನಾನಿದ್ದೇನೆ. ಆದರೆ ಅಲ್ಲಿ ಬರೆಯುವ ಹೆಸರು ನಿನ್ನದೇ ಆಗಿರಬೇಕು ರಚನಾ.

ನಿನ್ನ ಬದುಕು ನಿನ್ನ ಕೈಗೆ ಬರಲಿ ಎಂದು ಹರಸುತ್ತಾ,

ಪ್ರೇಮಕುಮಾರಿ